ಷರಾ

ಜೆ.ಸಿ. ರಸ್ತೆಯ ಈ ಅಂಗಡಿಗೆ ಬಾಗಿಲಿಲ್ಲ, ಶಟರು ಮಾತ್ರ.
ತಲೆ ಬಗ್ಗಿಸಿ, ಗ್ರೀಸಿನ ವಾಸನೆಯೊಳಗೆ ಹೊಕ್ಕು
ಬೇರಿಂಗ್ ಡಬ್ಬಗಳನ್ನು ಸರಿಸಿ ಲ್ಯಾಪ್‌ಟಾಪಿಗೆ ಜಾಗ ಮಾಡಿದೆ.
ಮೂರು ದಿನದ ಕೆಲಸ, ಅಂತ ಕೊಟೇಶನ್ನಿನಲ್ಲಿತ್ತು:
ಹಳೆಯ ಲೆಕ್ಕ ತೆಗೆದು ಹೊಸದರೊಳಗೆ ಸುರಿಯುವುದು.

ಸುರಿಯುವುದು ಅಂದದ್ದು ನಾನೇ.
ಮುನಿಲಕ್ಷ್ಮಮ್ಮ ತಲೆಯೆತ್ತಿ ನೋಡಿದರು:
"ರಾಗಿ ಏನಮ್ಮ ಅದು?"

ಎಡಗಡೆ ಹಳೆಯ ಕಾಲಂ, ಬಲಗಡೆ ಹೊಸದು,
ನಡುವೆ ಒಂದೊಂದು ಬಾಣ ಎಳೆಯಬೇಕು, ಅಷ್ಟೇ.
ಪಾರ್ಟಿ ಹೆಸರು ಗ್ರಾಹಕನಾಯಿತು,
ಬಾಕಿ ಆರಂಭದ ಶಿಲ್ಕಾಯಿತು.
ಪಾರ್ಟ್ ನಂಬರಿನಲ್ಲಿ ಎಡವಟ್ಟು:
ಸೊನ್ನೆ ಸೊನ್ನೆ ಏಳು ಒಂದು ನಾಲ್ಕು ಅನ್ನುವ ಕ್ಲಚ್ ಪ್ಲೇಟು
ಸೊನ್ನೆಗಳನ್ನು ದಾರಿಯಲ್ಲೇ ಉದುರಿಸಿಕೊಂಡು
ಬರಿ ಏಳುನೂರ ಹದಿನಾಲ್ಕಾಗಿ ಬಂದು ಕೂತಿತ್ತು.
"ಅದು ವೈಪರ್ ಬ್ಲೇಡು," ಅಂದರು, ಪರದೆ ನೋಡದೆ.
ಸಂಖ್ಯೆಯಲ್ಲ, ಪಠ್ಯ ಎಂದು ತಿದ್ದಿದೆ.
ಮುಂದಿರುವ ಸೊನ್ನೆಗೂ ಬೆಲೆಯುಂಟು
ಅದನ್ನು ಅಕ್ಷರವೆಂದು ಒಪ್ಪಿಕೊಂಡರೆ.

ಮೇ ಹನ್ನೆರಡರ ಸಾಲ ಡಿಸೆಂಬರ್ ಐದಕ್ಕೆ ಹೋಗಿತ್ತು.
"ಯಾರೋ ಪುಣ್ಯವಂತ, ಏಳು ತಿಂಗಳು ಪುಕ್ಕಟೆ ವಾಯಿದೆ,"
ಅಂದ ಕೌಂಟರಿನ ಇರ್ಫಾನ್.
ಅದನ್ನೂ ತಿದ್ದಿದೆ.

ಉಳಿದದ್ದು ಕೊನೆಯ ಕಾಲಂ. ಷರಾ.
ಬಲಗಡೆ ಅದಕ್ಕೆ ಜೋಡಿಯಿಲ್ಲ.
ಇಂಥದ್ದಕ್ಕೆಂದೇ ಒಂದು ಆಯ್ಕೆ ಉಂಟು: ಆಮದು ಬೇಡ.
ಒತ್ತುವ ಮೊದಲು, ಸುಮ್ಮನೆ, ಕೆಳಗೆ ಇಳಿಯುತ್ತ ಹೋದೆ.

ಶುಕ್ರವಾರ ಕೇಳಬೇಡಿ, ಡಯಾಲಿಸಿಸ್ ಇರುತ್ತೆ.
ಅಣ್ಣ ಬಂದರೆ ಕೊಡಿ. ತಮ್ಮ ಬಂದರೆ ಕ್ಯಾಷ್.
ದೊಡ್ಡ ಸೈಜು ಅಂತಾರೆ, ಬೇಕಿರೋದು ಚಿಕ್ಕದೇ.
ಜೋರು ಬಾಯಿ. ಒಳ್ಳೆಯವರು.
ತೀರಿಕೊಂಡರು. ೪,೩೧೦. ಹೆಂಡತಿಗೆ ಗೊತ್ತಿಲ್ಲ, ಗೊತ್ತಾಗೋದು ಬೇಡ.
ಹೆಸರು ಹೇಳಲ್ಲ. ಎಡಗೈ ಸಹಿ. ಹಸಿರು ಲೂನಾ.

ಸಾವಿರದ ಎಂಟುನೂರ ನಲವತ್ತೆರಡು ಸಾಲು.
ಇಪ್ಪತ್ತಾರು ವರ್ಷ; ಮೊದಲು ಕೆಂಪು ರಟ್ಟಿನ ಪುಸ್ತಕದಲ್ಲಿ,
ಆಮೇಲೆ ಕೀಬೋರ್ಡಿನ ಮೇಲೆ, ಒಂದೇ ಬೆರಳಲ್ಲಿ.

ಹೊಸ ಕಾಲಂ ಮಾಡಿದೆ. ಬಿಲ್ಲಿಗೆ ಸೇರಿಸಲಿಲ್ಲ.
ಮಿತಿ ಐವತ್ತು ಅಕ್ಷರ, ಅದೂ ಯಂತ್ರದ ಎಣಿಕೆಯಲ್ಲಿ:
ಕೊಂಬು, ಗುಡಿಸು, ಸೊನ್ನೆ, ಒತ್ತು, ಎಲ್ಲಕ್ಕೂ ಬಿಡಿ ಬಿಡಿ ದರ.
ನಮ್ಮ ಐದಕ್ಷರದ 'ತೀರಿಕೊಂಡರು' ಅದಕ್ಕೆ ಹತ್ತು.
ಮುನಿಲಕ್ಷ್ಮಮ್ಮ ತುಸು ಹೊತ್ತು ನೋಡಿ
ಅಳಿಸಿ, 'ಇಲ್ಲ' ಎಂದು ಬರೆದರು.
ಹಾಗೇ ರಾತ್ರಿ ಒಂಬತ್ತರ ತನಕ ಕೂತು
ಒಬ್ಬೊಬ್ಬರನ್ನೇ ಮೊಟಕು ಮಾಡಿದರು.

ಮೂರನೆಯ ದಿನ, ಯಾರಿಗೆ ಯಾವ ಹಕ್ಕು ಅನ್ನುವ ಪುಟ.
ಖುದ್ದೂಸ್ ಸಾಹೇಬರು ಕನ್ನಡಕ ಒರೆಸಿಕೊಂಡು ಪಕ್ಕ ಕೂತರು.
ಮಾಲೀಕರು: ಆಮದು ಹೌದು, ರಫ್ತು ಹೌದು.
ಲೆಕ್ಕದವರು: ಆಮದು ಹೌದು, ರಫ್ತು?
"ಬೇಡ," ಅಂದರು, ದನಿ ತಗ್ಗಿಸಿ.
ತಪ್ಪೇನಲ್ಲ. ಗಿರಾಕಿಗಳ ಪಟ್ಟಿ ಎದುರಂಗಡಿಗೆ ದಾಟಿದ ಕಥೆ
ಈ ರಸ್ತೆಯಲ್ಲಿ ಎಲ್ಲರಿಗೂ ಬಾಯಿಪಾಠ.
ಟಿಕ್ ತೆಗೆದೆ.

ಊಟದ ಡಬ್ಬಿ ತೊಳೆದು ಬಂದವರು
ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಆ ಖಾಲಿ ಚೌಕ ನೋಡಿದರು.
"ಒಳಗೆ ಹಾಕೋದು ನಾನು. ಹೊರಗೆ ತೆಗೆಯೋದು?"

ಟೌನ್‌ಹಾಲ್ ಕಡೆ ತಿರುಗಲಾಗದ ಬಸ್ಸೊಂದು ಹಾರನ್ ಹೊಡೆಯುತ್ತಲೇ ಇತ್ತು.
ಸಾಹೇಬರು ಎಲ್ಲರಿಗೂ ಚಹಾ ಹೇಳಿದರು,
ಅವರಿಗೆ ಮಾತ್ರ ಸಕ್ಕರೆ ಬೇಡ ಅಂತ ನೆನಪಿಟ್ಟು.

ಆರು ಗಂಟೆಗೆ ಗುಂಡಿ ಒತ್ತಿದೆ.
ಒಂದು ಬಿಟ್ಟು ಎಲ್ಲ ಸಾಲೂ ದಾಟಿದವು.
ಆ ಒಂದು ಕೆಂಪಾಗಿ ನಿಂತಿತು: ಹೆಸರು ಕಡ್ಡಾಯ.
ಎಡಗೈ ಸಹಿ. ಹಸಿರು ಲೂನಾ. ಬಾಕಿ ಇನ್ನೂರ ಅರವತ್ತು.
ಒಂದು ಚುಕ್ಕೆ ಹಾಕಿದರೂ ನಡೆಯುತ್ತೆ, ಅಂದೆ.
ಒಪ್ಪಲಿಲ್ಲ.
"ಕೆಂಪಗೇ ಇರ್ಲಿ. ಬರ್ತಾನೆ. ಕೇಳ್ತೀನಿ."

ಶಟರು ಎಳೆಯುವಾಗ ಹಿಂದೆ ಇಂಜಿನ್ನಿನ ಕೆಮ್ಮು.
ಮೂವರೂ ತಿರುಗಿ ನೋಡಿದೆವು.
ಹಸಿರೇ. ಆದರೆ ಆಟೋ.